ಗೂಢಪುರುಷನ ಪ್ರಾಯಶ್ಚಿತ್ತ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಯಂಚಿನಲ್ಲಿ ಕುಂಚಾವರಂ ಎಂಬ ಗ್ರಾಮವಿರುವುದು. ಹೆಸರನ್ನು ಕೇಳಿದೊಡನೆಯೇ ಅದು ತೆಲುಗುನಾಡಿನ ನೆರೆಯದೆಂದು ತಿಳಿಯದಿರದು. ಇಲ್ಲಿಯ ಮನೆಗಳಲ್ಲಿ ತೆಲುಗೂ ಕನ್ನಡವೂ ಒಂದೇ ನಾಲಗೆಯ ಮೇಲೆ ಕುಳಿತಿರುವುವು. ಸಂತೆಯಲ್ಲಿ ಉರ್ದುವೂ, ತಾಂಡಾಗಳಲ್ಲಿ ಲಂಬಾಣಿಯೂ ಕೂಡಿಕೊಳ್ಳುವುವು. ಸುತ್ತಲೂ ಕಾಡು. ಇದರ ಸುಮಾರು 135 ಚದರ ಕಿಲೋಮೀಟರು ಭಾಗವನ್ನು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಸಾರಲಾಯಿತು. ಈ ನೆಲವು 1948ರ ತನಕ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಿತು. 1956ರ ನವೆಂಬರು 1ರಂದು ಮೈಸೂರು ರಾಜ್ಯವನ್ನು ಸೇರಿತು. ಅಂದಿನಿಂದ ಒಂದೇ ಕಾಡಿನ ನಡುವೆ ಒಂದು ಗೆರೆ ಬಿದ್ದಿತು. ಈಚೆಗೆ ಕರ್ಣಾಟಕ, ಆಚೆಗೆ ಆಂಧ್ರ, ಈಗ ತೆಲಂಗಾಣ. ಗೆರೆಯನ್ನು ಜಿಂಕೆಯು ಅರಿಯದು, ಮಳೆಯು ಅರಿಯದು; ಆದರೆ ಅದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವನು ಕಳ್ಳಸಾಗಣೆಗಾರನು. ಒಂದು ರಾಜ್ಯದ ಪೋಲೀಸಿನವರ ಅಧಿಕಾರವು ಎಲ್ಲಿ ತೊಡಕಾಗುವುದೋ ಅಲ್ಲಿಯೇ ಅವನ ದಾರಿಯು ಸುಗಮವಾಗುವುದು. ಗಡಿಯಾಚೆಯಿಂದ ಸೇಂದಿಯು ನುಸುಳಿ ಬರುವುದನ್ನು ಈ ಭಾಗದವರು ಬಹುಕಾಲದಿಂದ ಕಂಡವರೇ. ಅದಕ್ಕಿಂತಲೂ ಭಾರವಾದ ಪದಾರ್ಥವೊಂದು ಇದೇ ಸೀಮೆಯನ್ನು ಹಾದುಹೋಗುವುದೆಂಬುದು ಈಚಿನ ವರ್ಷಗಳಲ್ಲಿ ಬಯಲಾಯಿತು. ಅದು ಗಾಂಜಾ.

ಗಾಂಜಾ ಎಂಬುದು ನಮ್ಮ ದೇಶಕ್ಕೆ ಹೊರಗಿನಿಂದ ಬಂದ ಪಿಡುಗಲ್ಲ. ಆ ಗಿಡಕ್ಕೆ ಸಂಸ್ಕೃತದಲ್ಲಿ ಭಂಗಾ ಎಂದು ಹೆಸರು. ಅಥರ್ವವೇದದಲ್ಲಿ ಸೋಮವೇ ಮೊದಲಾದ ಐದು ಶ್ರೇಷ್ಠ ಸಸ್ಯಗಳ ಸಾಲಿನಲ್ಲಿ ಅದರ ಹೆಸರೂ ಬಂದಿರುವುದು. ಶಾರ್ಙ್ಗಧರನು ತನ್ನ ವೈದ್ಯಸಂಹಿತೆಯಲ್ಲಿ, ಜೀರ್ಣವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ದ್ರವ್ಯಗಳಿಗೆ ಉದಾಹರಣೆಯಾಗಿ ಭಂಗಿಯನ್ನೂ ಅಫೀಮನ್ನೂ ಜೊತೆಗೂಡಿಸಿ ಹೇಳಿದನು. ವೈದ್ಯನ ಕೈಯಲ್ಲಿ ಇದ್ದಾಗ ಅದಕ್ಕೆ ಮಾತ್ರೆಯಿದ್ದಿತು, ಅನುಪಾನವಿದ್ದಿತು, ಪಥ್ಯವಿದ್ದಿತು. ವರ್ತಕನ ಕೈಗೆ ಬಂದ ಮೇಲೆ ಅದಕ್ಕೆ ಉಳಿದುದು ತೂಕವೊಂದೇ. 1985ರ ಮಾದಕ ದ್ರವ್ಯಗಳ ಕಾಯಿದೆಯೂ ಅದನ್ನು ತೂಕದಿಂದಲೇ ಅಳೆಯುವುದು: 1 ಕಿಲೋವಿನ ತನಕ ಅಲ್ಪ ಪ್ರಮಾಣ, 20 ಕಿಲೋವನ್ನು ಮೀರಿದರೆ ವಾಣಿಜ್ಯ ಪ್ರಮಾಣ. ಮೊದಲನೆಯದಕ್ಕೆ ಹೆಚ್ಚೆಂದರೆ ಒಂದು ವರ್ಷದ ಸೆರೆ. ಎರಡನೆಯದಕ್ಕೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ, ಇಪ್ಪತ್ತು ವರ್ಷಗಳ ವರೆಗಿನ ಕಠಿಣ ಸೆರೆ. ಗಿಡದ ಹೂತೆನೆಯೇ ಗಾಂಜಾ ಎಂದು ಕಾಯಿದೆಯ ಅರ್ಥನಿರೂಪಣೆ. ತೆನೆಯೊಡನಿಲ್ಲದ ಎಲೆಯೂ ಬೀಜವೂ ಅದಕ್ಕೆ ಸೇರವು.

ಕಲಬುರಗಿಯನ್ನು ತೊಗರಿಯ ಕಣಜವೆಂದು ಕರೆಯುವರು. ಆಶ್ವಯುಜದ ಹೊತ್ತಿಗೆ ತೊಗರಿಯು ಆಳೆತ್ತರಕ್ಕೆ ಬೆಳೆದು ಹೊಲವೆಲ್ಲ ಒಂದೇ ಹಸುರಾಗಿರುವಾಗ, ಸಾಲುಗಳ ನಡುವೆ ಬೇರೊಂದು ಗಿಡವನ್ನು ನಿಲ್ಲಿಸಿದರೆ ದಾರಿಹೋಕನಿಗೆ ಅದು ಕಾಣಿಸದು. ಬೆಳೆಯು ಬೆಳೆಯ ವೇಷವನ್ನು ಧರಿಸುವುದು. ಈ ವ್ಯಾಪಾರದಲ್ಲಿ ವೇಷವನ್ನು ಮೊದಲು ಹಾಕಿದವನು ಪೋಲೀಸಿನವನಲ್ಲ ಎಂಬುದನ್ನು ವಾಚಕರು ಇಲ್ಲಿಯೇ ಗಮನಿಸಬೇಕು.

2020ರ ಸೆಪ್ಟೆಂಬರಿನಲ್ಲಿ ನಡೆದ ಸಂಗತಿಯನ್ನು ಈ ಜಿಲ್ಲೆಯವರು ಮರೆತಿರಲಾರರು. ಬೆಂಗಳೂರಿನ ಶೇಷಾದ್ರಿಪುರದ ಪೋಲೀಸಿನವರು ಒಬ್ಬ ಆಟೋ ಚಾಲಕನ ಬಳಿ ಅಲ್ಪಸ್ವಲ್ಪ ಗಾಂಜಾ ಕಂಡರು. ಅದನ್ನು ಕೊಟ್ಟವರಾರು, ಅವರಿಗೆ ಕೊಟ್ಟವರಾರು ಎಂದು ಎಳೆಯನ್ನು ಹಿಡಿದು ಬರಬರುತ್ತ ಅವರು ಕಾಳಗಿ ತಾಲೂಕಿನ ಒಂದು ಕುರಿಸಾಕಣೆಯ ದೊಡ್ಡಿಗೆ ಬಂದು ನಿಂತರು. ಮೇಲೆ ಕುರಿಗಳು, ಕೆಳಗೆ ನೆಲದೊಳಗೆ ತೋಡಿದ ಗುಂಡಿ, ಗುಂಡಿಯಲ್ಲಿ ಸುಮಾರು 1,350 ಕಿಲೋ ಗಾಂಜಾ. ಒಡಿಶಾದಲ್ಲಿ ಹುಟ್ಟಿ, ತೆಲಂಗಾಣವನ್ನು ಹಾದು, ತರಕಾರಿಯ ಲಾರಿಯಲ್ಲಿ ಅಡಗಿ ಬಂದ ಸರಕದು ಎಂದು ತನಿಖೆಯಿಂದ ತಿಳಿದು ಬಂದಿತು. ಇಷ್ಟು ದೂರದ ರಾಜಧಾನಿಯವರಿಗೆ ಕಂಡ ಗುಂಡಿಯು ಹತ್ತಿರದ ಠಾಣೆಯವರಿಗೆ ಕಾಣದೆ ಹೋದುದು ಹೇಗೆ ಎಂಬ ಪ್ರಶ್ನೆಯು ಸಹಜವಾಗಿಯೇ ಎದ್ದಿತು; ಕರ್ತವ್ಯಲೋಪದ ಆರೋಪದ ಮೇಲೆ ಸ್ಥಳೀಯ ಪೋಲೀಸಿನವರಲ್ಲಿ ಕೆಲವರು ಅಮಾನತಾದರು. ಅವರವರ ತಪ್ಪೊಪ್ಪುಗಳನ್ನು ನಿರ್ಣಯಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಒಂದು ವಿಚಾರವು ಮನಸ್ಸಿನಲ್ಲಿ ಉಳಿಯುವುದು. ಕಾಣಬೇಕಾದುದನ್ನು ಕಾಣದವನ ಮೈಮೇಲೆ ಖಾಕಿಯಿದ್ದರೆ ಅದೂ ಒಂದು ವೇಷವೇ. ಹಾಗಾದರೆ ಖಾಕಿಯನ್ನು ಕಳಚಿಟ್ಟು, ಹರಿದ ಅಂಗಿ ತೊಟ್ಟು, ಕಳ್ಳರ ನಡುವೆ ಕಳ್ಳನಂತೆ ಕುಳಿತು ಸತ್ಯವನ್ನು ಹುಡುಕುವವನು ವೇಷಧಾರಿಯೋ, ನಿಜವಾದ ಅಧಿಕಾರಿಯೋ?

ಈ ಎರಡನೆಯ ಮನುಷ್ಯನು ಇಂದಿನ ಚಲನಚಿತ್ರಗಳಲ್ಲಿ ಬಹು ಪ್ರಸಿದ್ಧನು. ಅಲ್ಲಿ ಅವನು ಸುಂದರನಾಗಿರುವನು. ಗುಂಡುಗಳು ಅವನನ್ನು ತಪ್ಪಿಸಿಕೊಂಡು ಹೋಗುವುವು. ಕಡೆಗೆ ತನ್ನ ಗುರುತಿನ ಚೀಟಿಯನ್ನು ತೋರಿಸಿ ಚಪ್ಪಾಳೆ ಪಡೆಯುವನು. ನಿಜವಾದ ಕೆಲಸದಲ್ಲಿ ಚಪ್ಪಾಳೆಯಿಲ್ಲ, ಬೇಸರವುಂಟು. ಮೊದಲು ಕೊಳ್ಳುವವನಂತೆ ಹೋಗಿ ಚಿಟಿಕೆಯಷ್ಟು ಕೊಳ್ಳಬೇಕು. ಮರುವಾರ ಮತ್ತಷ್ಟು. ಹಣಕ್ಕೆ ಚೌಕಾಸಿ ಮಾಡಬೇಕು, ಮಾಡದಿದ್ದರೆ ಸಂಶಯ. ಹೆಚ್ಚು ಮಾಡಿದರೂ ಸಂಶಯ. ಚಹದಂಗಡಿಯಲ್ಲಿ ತಾಸುಗಟ್ಟಲೆ ಕುಳಿತು, ಯಾರು ಬಂದರು, ಯಾವ ಗಾಡಿಯು ಯಾವ ಹೊತ್ತಿಗೆ ಹೋಯಿತು ಎಂಬುದನ್ನು ಕಾಗದದ ಮೇಲಲ್ಲ, ನೆನಪಿನಲ್ಲಿ ಬರೆದುಕೊಳ್ಳಬೇಕು. ಸರಕನ್ನು ಕಂಡೊಡನೆ ಹಿಡಿಯದೆ, ಅದು ಯಾರ ಕೈಗೆ ಸೇರುವುದೋ ನೋಡುವುದಕ್ಕಾಗಿ ಕಣ್ಗಾವಲಿನಲ್ಲಿ ಮುಂದೆ ಸಾಗಬಿಡುವ ಉಪಾಯಕ್ಕೂ ಕಾಯಿದೆಯಲ್ಲಿ ಎಡೆಯುಂಟು. ಬಂದ ಸುಳಿವನ್ನು ಅಧಿಕಾರಿಯು ಬರಹಕ್ಕಿಳಿಸಿ 72 ತಾಸುಗಳೊಳಗೆ ಮೇಲಧಿಕಾರಿಗೆ ಕಳುಹಿಸತಕ್ಕದ್ದು. ಆರೋಪಿಯ ಮೈಯನ್ನು ಶೋಧಿಸುವುದಕ್ಕೆ ಮುಂಚೆ, ಗೆಜೆಟೆಡ್ ಅಧಿಕಾರಿಯ ಇಲ್ಲವೆ ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿಯೇ ಶೋಧನೆ ನಡೆಯಬೇಕೆಂದು ಕೇಳುವ ಹಕ್ಕು ಅವನಿಗುಂಟೆಂದು ತಿಳಿಸತಕ್ಕದ್ದು. ಇವುಗಳಲ್ಲಿ ಒಂದು ತಪ್ಪಿದರೂ ತಿಂಗಳುಗಳ ಶ್ರಮವು ನ್ಯಾಯಾಲಯದಲ್ಲಿ ಮಣ್ಣುಪಾಲಾಗಬಹುದು. ಸುಳಿವು ಎಲ್ಲಿಂದ ಬಂದಿತೆಂದು ಹೇಳಲು ಅಧಿಕಾರಿಯನ್ನು ಬಲವಂತಪಡಿಸಕೂಡದೆಂದು ಅದೇ ಕಾಯಿದೆಯ 68ನೆಯ ಪ್ರಕರಣವು ರಕ್ಷಣೆಯನ್ನು ಕೊಟ್ಟಿರುವುದು. ಆದರೆ ತಾನೇ ಕಂಡುದನ್ನು ಅವನು ಸಾಕ್ಷಿಯ ಕಟಕಟೆಯಲ್ಲಿ ನಿಂತು ಪ್ರಮಾಣಪೂರ್ವಕವಾಗಿ ಹೇಳಲೇಬೇಕು. ಎಂತಹ ವಿಚಿತ್ರ! ತಿಂಗಳುಗಟ್ಟಲೆ ಸುಳ್ಳನ್ನೇ ಉಂಡು, ಸುಳ್ಳನ್ನೇ ಉಟ್ಟವನು ಕೊನೆಯ ದಿನ ಒಂದು ಅಕ್ಷರವೂ ತಪ್ಪದ ಸತ್ಯವನ್ನು ಆಡಬೇಕು.

ಈ ವಿಚಿತ್ರವನ್ನು ನಮ್ಮ ಪೂರ್ವಿಕರು ಕಾಣದೆ ಇರಲಿಲ್ಲ. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಉದ್ಧರಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರಿಗೆಂದೇ ಅಧ್ಯಾಯಗಳಿರುವುವು. ಕಪಟ ವಿದ್ಯಾರ್ಥಿ, ಸಂನ್ಯಾಸವನ್ನು ಬಿಟ್ಟವನು, ಒಕ್ಕಲಿಗ, ವರ್ತಕ, ತಾಪಸ ಎಂದು ಒಂದೆಡೆ ನೆಲಸಿ ಕಾಯುವವರು ಐದು ಬಗೆ, ಸಂಚರಿಸುವವರು ಬೇರೆ. ಒಬ್ಬನನ್ನು ಇನ್ನೊಬ್ಬನು ಅರಿಯಕೂಡದು. ಮೂವರ ಮಾತು ಒಂದಾದರೆ ಮಾತ್ರ ನಂಬತಕ್ಕದ್ದು. ಒಬ್ಬ ಚಾಡಿಕೋರನ ಮಾತಿನಿಂದ ನಿರಪರಾಧಿಯು ಕೆಡದಿರಲೆಂಬ ಎಚ್ಚರವು ಇದರಲ್ಲಿ ಅಡಗಿರುವುದು. ಆದರೆ ಅದೇ ಗ್ರಂಥದಲ್ಲಿ ಮೈ ನಡುಗಿಸುವ ಮಾತೊಂದುಂಟು: ಶತ್ರುವಿನ ಸಂಬಳವನ್ನೂ ಪಡೆಯುತ್ತ ತನ್ನ ರಾಜನ ಕೆಲಸ ಮಾಡುವ ಉಭಯವೇತನನನ್ನು ನೇಮಿಸುವಾಗ ಅವನ ಹೆಂಡಿರುಮಕ್ಕಳನ್ನು ರಾಜನು ತನ್ನ ವಶದಲ್ಲಿ ಇರಿಸಿಕೊಳ್ಳಬೇಕಂತೆ. ಗೂಢಪುರುಷನು ಎಲ್ಲರನ್ನೂ ವಂಚಿಸಬಲ್ಲನಾದುದರಿಂದ ಒಡೆಯನಿಗೂ ಅವನ ಮೇಲೆ ನಂಬಿಕೆಯಿಲ್ಲ. ಇಂದಿನ ಸರಕಾರವು ಯಾರ ಹೆಂಡಿರುಮಕ್ಕಳನ್ನೂ ಒತ್ತೆಯಿಡುವುದಿಲ್ಲ, ನಿಜ. ಆದರೂ ಅವರು ಒಂದು ಬಗೆಯ ಒತ್ತೆಯೇ ಅಲ್ಲವೆ? ಮಗನು ನಾಲ್ಕು ದಿನ ಮನೆಗೆ ಬಾರದೆ, ಬಂದಾಗ ಗಡ್ಡ ಬಿಟ್ಟು, ಬೀಡಿಯ ನಾತ ಬೀರುತ್ತ ಬಂದರೆ ತಾಯಿಯು, "ಎಲ್ಲಿಗಿ ಹೋಗಿದ್ದ್ಯೋ ತಮ್ಮಾ?" ಎಂದು ಕೇಳದಿರುವಳೆ? "ಡ್ಯೂಟಿ ಇತ್ತವ್ವಾ" ಎಂಬ ಎರಡು ಮಾತಿನಾಚೆಗೆ ಅವನು ಏನನ್ನೂ ಹೇಳಲಾರನು. ಅವಳು ಬಡಿಸುವಳು, ಅವನು ಉಣ್ಣುವನು. ಊರವರು ಅವಳ ಕಿವಿಯಲ್ಲಿ ಏನನ್ನಾದರೂ ಊದಿದರೆ ಅವಳು ಅದನ್ನು ನುಂಗಿಕೊಳ್ಳಬೇಕು. ಹೀಗೆ ವೇಷದ ಭಾರವನ್ನು ಮನೆಯವರೂ ಹೊರುವರು.

ಇದಕ್ಕಿಂತ ಹಿರಿದಾದ ಇನ್ನೊಂದು ಭಾರವುಂಟು. ವಿಶಾಖದತ್ತನ ಮುದ್ರಾರಾಕ್ಷಸ ನಾಟಕವನ್ನು ಬಲ್ಲವರು ಭಾಗುರಾಯಣನನ್ನು ನೆನೆಯಬೇಕು. ಈ ಕಥೆಯನ್ನೇ ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವೆಂಬ ಗದ್ಯಗ್ರಂಥವಾಗಿ ಕನ್ನಡದಲ್ಲಿ ರಚಿಸಿದನು. ಚಾಣಕ್ಯನ ಕಡೆಯವನಾದ ಭಾಗುರಾಯಣನು ಶತ್ರುಪಕ್ಷದ ರಾಜಕುಮಾರ ಮಲಯಕೇತುವಿನ ಆಪ್ತಮಿತ್ರನಾಗಿ ನಟಿಸುತ್ತಿರುವನು. ನಾಟಕದ ಐದನೆಯ ಅಂಕದಲ್ಲಿ ಅವನು ಒಬ್ಬನೇ ನಿಂತು, ತನ್ನಲ್ಲಿ ಇಷ್ಟು ಸ್ನೇಹವಿಟ್ಟ ಈ ಕುಮಾರನನ್ನು ತಾನೇ ವಂಚಿಸಬೇಕಲ್ಲಾ ಎಂದು ಮರುಗುವನು. ಅವನ ಕಾರ್ಯವು ನಿಲ್ಲುವುದಿಲ್ಲ; ಮರುಕವೂ ನಿಲ್ಲುವುದಿಲ್ಲ. ಕವಿಯು ಈ ಒಂದು ಗಳಿಗೆಯನ್ನು ಬರೆಯದೆ ಹೋಗಿದ್ದರೆ ಭಾಗುರಾಯಣನು ಬರಿಯ ಯಂತ್ರವಾಗಿಬಿಡುತ್ತಿದ್ದನು.

ಕಾವ್ಯದ ಮಾತೆಂದು ಇದನ್ನು ತಳ್ಳಿಹಾಕಬೇಕಾಗಿಲ್ಲ. ಅಮೆರಿಕೆಯ ಜೋಸೆಫ್ ಪಿಸ್ಟೋನ್ ಎಂಬ ಅಧಿಕಾರಿಯು 1976ರಿಂದ 1981ರ ವರೆಗೆ ಡಾನಿ ಬ್ರಾಸ್ಕೋ ಎಂಬ ಸುಳ್ಳು ಹೆಸರಿನಲ್ಲಿ ನ್ಯೂಯಾರ್ಕಿನ ಪಾತಕಿಗಳ ಕೂಟದಲ್ಲಿ ವಾಸಿಸಿದನು. ಅವನ ಸಾಕ್ಷ್ಯದಿಂದ ಬಹುಮಂದಿ ಪಾತಕಿಗಳಿಗೆ ಶಿಕ್ಷೆಯಾಯಿತು. ಆದರೆ ಅವನನ್ನು ನಂಬಿ ಒಳಗೆ ಸೇರಿಸಿಕೊಂಡಿದ್ದ ನೆಪೊಲಿಟಾನೋ ಎಂಬ ಮುಖಂಡನನ್ನು, ಆ ನಂಬಿಕೆಯ ತಪ್ಪಿಗಾಗಿಯೇ, ಅವನ ಕೂಟದವರೇ 1981ರಲ್ಲಿ ಕೊಂದರು. ಸತ್ತವನು ಪಾತಕಿಯೇ. ಆದರೂ ಅವನು ಸತ್ತುದು ತನ್ನ ಪಾತಕಕ್ಕಾಗಿ ಅಲ್ಲ, ಒಬ್ಬನನ್ನು ನಂಬಿದುದಕ್ಕಾಗಿ. ಇದನ್ನು ಅರಿತ ಗೂಢಪುರುಷನು ರಾತ್ರಿ ಹೇಗೆ ನಿದ್ರಿಸುವನು?

ನಂಬಿಸಿ ಕೆಡಿಸುವ ವಿದ್ಯೆಯು ನಮ್ಮ ದಖ್ಖಣಕ್ಕೂ ಅಪರಿಚಿತವಲ್ಲ. ದಾರಿಹೋಕರ ಜೊತೆಗಾರರಂತೆ ನಡೆದು, ಅವರ ಬುತ್ತಿಯನ್ನು ಹಂಚಿ ಉಂಡು, ಕೊನೆಗೆ ಕೊರಳಿಗೆ ಬಟ್ಟೆ ಬಿಗಿಯುತ್ತಿದ್ದ ಠಕ್ಕರ ವೃತ್ತಾಂತವನ್ನು ನಿಜಾಮರ ಸೇವೆಯಲ್ಲಿದ್ದು ಮುಂದೆ ಸುರಪುರದಲ್ಲಿ ಅಧಿಕಾರ ನಡೆಸಿದ ಮೆಡೋಸ್ ಟೇಲರನು 1839ರಲ್ಲಿ ಕಾದಂಬರಿಯಾಗಿ ಪ್ರಕಟಿಸಿದನು. ಠಕ್ಕನೂ ಗೂಢಪುರುಷನೂ ಬಳಸುವ ಆಯುಧವೊಂದೇ, ಪರರ ವಿಶ್ವಾಸ. ಅವರನ್ನು ಬೇರ್ಪಡಿಸುವುದು ಉದ್ದೇಶವೊಂದೇ. ಉದ್ದೇಶವು ಕಣ್ಣಿಗೆ ಕಾಣುವ ವಸ್ತುವಲ್ಲ. ದಿನದಿನವೂ ಅದನ್ನು ಒಳಗೆ ಹೊತ್ತಿಸಿಟ್ಟುಕೊಳ್ಳದಿದ್ದರೆ ಆರಿಹೋಗುವುದು. ಕಳ್ಳರ ಜೊತೆಗಿದ್ದು ಕಳ್ಳರ ಹಣದ ರುಚಿ ಕಂಡು ಉದ್ದೇಶವನ್ನು ಮರೆತವರೂ ಲೋಕದಲ್ಲಿ ಇಲ್ಲದಿಲ್ಲ.

ಇನ್ನು ದೇಹದ ಅಪಾಯವನ್ನು ಹೇಳದೆ ಇರುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಕಮಲಾಪುರ ವೃತ್ತದ ಇನ್ಸ್‌ಪೆಕ್ಟರ್ ಶ್ರೀಮಂತ ಇಲ್ಲಾಳರು ಗಾಂಜಾದ ಮೂಲವನ್ನು ಹಿಡಿದುಹೋಗಿ, ಕೆಲವೇ ಮಂದಿ ಸಿಬ್ಬಂದಿಯೊಡನೆ ರಾತ್ರಿಯಲ್ಲಿ ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ಹೊಲವೊಂದನ್ನು ಹೊಕ್ಕರು. ಗಡಿಯು ದಾಟಿದ್ದಿತು, ನೆಲವು ಅಪರಿಚಿತ, ಕತ್ತಲೆಯಲ್ಲಿ ಬೆಳೆಗಾರರ ಕಡೆಯ ದೊಡ್ಡ ಗುಂಪು ಅವರ ಮೇಲೆ ಬಿದ್ದಿತು. ತಲೆಗೂ ಮುಖಕ್ಕೂ ಎದೆಗೂ ಮಾರಣಾಂತಿಕವಾದ ಪೆಟ್ಟುಗಳಾದುವು. ಕಲಬುರಗಿಯಲ್ಲಿ ಚಿಕಿತ್ಸೆ ನಡೆದು, ಬಳಿಕ ವಿಮಾನದಲ್ಲಿ ಅವರನ್ನು ಬೆಂಗಳೂರಿಗೆ ಒಯ್ಯಬೇಕಾಯಿತು. ಆ ವಾರವೆಲ್ಲ ಜಿಲ್ಲೆಯ ಜನರು ಸುದ್ದಿಪತ್ರಿಕೆಯಲ್ಲಿ ಮೊದಲು ಹುಡುಕಿದುದು ಅವರ ಆರೋಗ್ಯದ ವಾರ್ತೆಯನ್ನು. ಹೊಲದಲ್ಲಿ ತೊಗರಿಯ ಮರೆಯಲ್ಲಿ ನಿಂತ ಗಿಡವೊಂದರ ಬೆಲೆಯೇನೆಂಬುದನ್ನು ತಿಳಿಯಲು ಅದಕ್ಕಿಂತ ಬೇರೆ ತಕ್ಕಡಿ ಬೇಕಿರಲಿಲ್ಲ.

ಹೀಗೆ ದೇಹದ ಗಾಯವು ಕಾಣುವುದರಿಂದ ಅದಕ್ಕೆ ಆಸ್ಪತ್ರೆಯುಂಟು. ಸುಳ್ಳನ್ನು ಬಾಳಿದವನ ಮನಸ್ಸಿನ ಗಾಯಕ್ಕೆ ಏನುಂಟು? ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಶಹಾಬಾದಿನ ನೆರೆಯ ಮರತೂರು, ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಊರೆಂದು ಹೇಳುವರು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನಾದ ಆ ಮಹಾನುಭಾವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಒಂದು ವಿಶೇಷವಾದ ವಿಧಿಯಿರುವುದು. ಸತ್ಯವನ್ನು ನುಡಿದರೆ ಒಬ್ಬನ ಪ್ರಾಣಕ್ಕೆ ಹಾನಿಯಾಗುವ ಸಂದರ್ಭದಲ್ಲಿ ಸಾಕ್ಷಿಯು ಅಸತ್ಯವನ್ನು ನುಡಿಯಬಹುದು. ಇಷ್ಟಕ್ಕೇ ನಿಂತಿದ್ದರೆ ಅದು ಸಾಮಾನ್ಯವಾದ ಲೋಕನೀತಿಯಾಗುತ್ತಿದ್ದಿತು. ಸ್ಮೃತಿಕಾರನು ಮುಂದುವರಿದು, ಹಾಗೆ ಅಸತ್ಯ ನುಡಿದವನು ಪಾವನನಾಗುವುದಕ್ಕಾಗಿ ಸರಸ್ವತಿಗೆ ಚರುವನ್ನು ಅರ್ಪಿಸಬೇಕೆಂದು ವಿಧಿಸಿರುವನು. ಏನಿದರ ಅರ್ಥ? ಅನುಮತಿಸಿದ ಸುಳ್ಳೂ ಸುಳ್ಳೇ. ಅದರಿಂದ ಒಂದು ಪ್ರಾಣವು ಉಳಿದಿರಬಹುದು. ಆದರೂ ವಾಗ್ದೇವಿಗೆ ಒಂದು ನೋವು ಆಗಿರುವುದು. ಆ ನೋವನ್ನು ಒಪ್ಪಿಕೊಂಡು ತೊಳೆಯಬೇಕು. ಧರ್ಮಶಾಸ್ತ್ರವು ಅವನನ್ನು ಪಾಪಿಯೆನ್ನಲಿಲ್ಲ, ನಿರ್ಲೇಪನೆಂದೂ ಹೊಗಳಲಿಲ್ಲ. ಅವನು ಮರಳಿ ಬರಲು ಒಂದು ಬಾಗಿಲನ್ನು ತೆರೆದಿಟ್ಟಿತು.

ಇಂದಿನ ಗೂಢಪುರುಷನಿಗೆ ಆ ಬಾಗಿಲು ಎಲ್ಲಿರುವುದು? ಇಲಾಖೆಯು ಅವನಿಗೆ ಬಹುಮಾನವನ್ನು ಕೊಡಬಹುದು, ವರ್ಗಾವಣೆಯನ್ನು ಕೊಡಬಹುದು. ಅವನು ತನ್ನ ಹೆಸರಿಗೆ ಮರಳುವುದಕ್ಕೆ ಬೇಕಾದ ಕಾಲವನ್ನೂ, ಮನಸ್ಸಿನ ವೈದ್ಯನನ್ನೂ, ಕೇಳುವ ಕಿವಿಯನ್ನೂ ಕೊಡುವುದು ಅದಕ್ಕಿಂತ ಅವಶ್ಯವಾದುದು. ಸಮಾಜವೂ ತನ್ನ ಪಾಲಿನ ಚರುವನ್ನು ಬೇಯಿಸಬೇಕು. ಅದು ಹಾರತುರಾಯಿಯಲ್ಲ. ಕಂಡುದನ್ನು ಕಂಡೆನೆಂದು ಹೇಳುವ ಧೈರ್ಯ. ಒಂದು ಹೊಲದಲ್ಲಿ ಏನು ಬೆಳೆಯುವುದೆಂದು ಬದುವಿನಾಚೆಯವನಿಗೆ ತಿಳಿಯದೆ? ಒಂದು ದೊಡ್ಡಿಯ ನೆಲದಲ್ಲಿ ಗುಂಡಿ ತೋಡಿದರೆ ಮಣ್ಣು ಎಲ್ಲಿಗೆ ಹೋಯಿತೆಂದು ನೆರೆಯವನಿಗೆ ಅನಿಸದೆ? ಊರು ಮೌನವಾಗಿರುವುದರಿಂದಲೇ ಒಬ್ಬನು ಸುಳ್ಳಾಡಬೇಕಾಗುವುದು. ನೂರು ಜನರು ಆಡಬೇಕಾಗಿದ್ದ ಒಂದೊಂದು ಸತ್ಯವನ್ನು ಅಡಗಿಸಿದಾಗ, ಆ ನೂರರ ಬದಲಿಗೆ ಅವನೊಬ್ಬನೇ ಮಿಥ್ಯೆಯನ್ನು ಹೊರುವನು. ಅವನ ಪ್ರಾಯಶ್ಚಿತ್ತದಲ್ಲಿ ಆ ನೂರು ಜನರಿಗೂ ಪಾಲುಂಟು.

ಜೊತೆಗೆ ಇನ್ನೊಂದು ವಿವೇಕವೂ ಬೇಕು. ಹಿಡಿಯಲ್ಪಡುವವರಲ್ಲಿ ಬಹುಮಂದಿ ಕೂಲಿಗಾಗಿ ಚೀಲ ಹೊತ್ತವರು, ಮಳೆ ಕೈಕೊಟ್ಟ ವರ್ಷ ಸಾಲಕ್ಕೆ ಸಿಕ್ಕಿ ಎರಡು ಸಾಲು ಗಿಡ ನೆಟ್ಟವರು. ಹಣ ಹೂಡಿದವನು ದೂರದ ಪಟ್ಟಣದಲ್ಲಿ ಕುಳಿತಿರುವನು. 20 ಕಿಲೋವಿನ ತಕ್ಕಡಿಯು ಹೊತ್ತವನನ್ನು ತೂಗುವುದೇ ಹೊರತು ಹೊರಿಸಿದವನನ್ನು ತಾನಾಗಿ ಕಾಣದು. ಗೂಢಪುರುಷನ ಪ್ರಯೋಜನವಿರುವುದು ಇಲ್ಲಿಯೇ: ಚೀಲದಿಂದ ಮೇಲಕ್ಕೆ, ಕೈಯಿಂದ ಕೈಗೆ ಏರುತ್ತ ಹೋಗಿ ಮೂಲವನ್ನು ಮುಟ್ಟುವುದು. ಅಷ್ಟು ದೂರ ಹೋಗದೆ ಮೊದಲನೆಯ ಬಡವನ ಬಳಿಯೇ ಬಲೆಯನ್ನು ಮಡಿಚಿದರೆ, ಅವನು ಆಡಿದ ಸುಳ್ಳಿಗೆ ಸ್ಮೃತಿಯ ಅನುಮತಿಯೂ ದೊರೆಯಲಾರದು. ಒಂದು ತಾಂಡಾದ, ಒಂದು ಜಾತಿಯ, ಗಡಿಯಾಚೆಯ ಒಂದು ಭಾಷೆಯ ಜನರನ್ನೆಲ್ಲ ಒಟ್ಟಾಗಿ ಅನುಮಾನಿಸುವುದೂ ಹಾಗೆಯೇ ಅನ್ಯಾಯ. ಮೂವರ ಮಾತು ಒಂದಾಗುವ ತನಕ ನಂಬಬೇಡವೆಂದ ಕೌಟಿಲ್ಯನು ನಮ್ಮ ಚಾವಡಿಯ ಹರಟೆಗಿಂತ ಹೆಚ್ಚು ದಯಾಳುವಾಗಿದ್ದನು.

ಸಂಜೆಯ ಹೊತ್ತು ಕುಂಚಾವರಂ ಕಡೆಗೆ ಹೋಗುವ ಬಸ್ಸು ಚಿಂಚೋಳಿಯನ್ನು ಬಿಟ್ಟು ಕಾಡನ್ನು ಹೊಗುವುದು. ಅದರಲ್ಲಿ ಸಂತೆಯ ಚೀಲ ಹೊತ್ತವರು, ಶಾಲೆಯ ಮಕ್ಕಳು, ಯಾರೆಂದು ಹೇಳಲಾಗದ ಒಬ್ಬಿಬ್ಬರು ಇರುವರು. ತಲೆಗೆ ವಸ್ತ್ರ ಸುತ್ತಿಕೊಂಡು ಕಡೆಯ ಆಸನದಲ್ಲಿ ತೂಗಾಡುತ್ತಿರುವ ಆ ಮನುಷ್ಯನು ಯಾರಿದ್ದಾನು? ಕೂಲಿಯವನೇ, ಕಳ್ಳನೇ, ಕಳ್ಳನನ್ನು ಅರಸಿ ಹೊರಟವನೇ? ಬಲ್ಲವರಿಲ್ಲ. ಪಕ್ಕದಲ್ಲಿ ಕುಳಿತ ಮುದುಕಿಯು ಅದನ್ನು ಕೇಳುವುದಿಲ್ಲ. ಮಡಿಲಿನ ಶೇಂಗಾವನ್ನು ಹಿಡಿಯಷ್ಟು ತೆಗೆದು, "ತಿನ್ನಪ್ಪಾ" ಎಂದು ಅವನ ಅಂಗೈಯಲ್ಲಿ ಹಾಕುವಳು. ಒಂದು ವೇಳೆ ಅವನು ವೇಷ ತೊಟ್ಟವನೇ ಆಗಿದ್ದರೆ, ಆ ದಿನ ಅವನಿಗೆ ಸುಳ್ಳಾಡದೆ ದೊರೆತ ತುತ್ತು ಅದೊಂದೇ. ಸರಸ್ವತಿಯು ಅದನ್ನೂ ಚರುವೆಂದು ಸ್ವೀಕರಿಸಿಯಾಳು.